ಒಂದು ಎಲ್ ಕಡಿಮೆಯ ಹಾಲಿವುಡ್

ಎತ್ನಾ ಗಿಲ್ಡೇ ಹಾಲಿವುಡ್‌ಗೆ ಹೊರಟಿದ್ದಾಳೆ ಎಂಬ ಸುದ್ದಿ ಹುಟ್ಟಿದ್ದು ಡಿಂಪ್ನಾಳ ಪಾರ್ಲರ್‌ನಲ್ಲಿ. ಎತ್ನಾಳ ತಾಯಿ ಅಸಂಪ್ಟಾ ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳುತ್ತ ಕೂತಿದ್ದವಳು, "ಮಗಳು ಸಿನಿಮಾ ತೆಗೆಯೋದಕ್ಕೆ ಹಾಲಿವುಡ್‌ಗೆ ಹೋಗ್ತಿದಾಳೆ" ಎಂದಳು, ಅಷ್ಟೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬೆಲ್‌ಫಾಸ್ಟಿನ ಮಗ್ಗುಲಲ್ಲಿ, ಕಡಲ ದಂಡೆಯ ಮೇಲೆ, ಹಾಲಿವುಡ್ ಎಂಬ ಪುಟ್ಟ ಊರಿದೆ. ಬರೆಯುವಾಗ ಅಮೆರಿಕದ್ದಕ್ಕಿಂತ ಒಂದು ಎಲ್ ಕಡಿಮೆ. ಕಿವಿಗೆ ಎರಡೂ ಒಂದೇ. ಅಸಂಪ್ಟಾಳ ತಲೆಯ ಬಣ್ಣ ಒಣಗುವ ಮೊದಲೇ ಸುದ್ದಿ ಅವರೂರು ಕಿಲ್ಲಿಬೆಗ್ಸ್‌ನ ಬಂದರಿನ ಕೊನೆಯ ದೋಣಿಯನ್ನು ಮುಟ್ಟಿತ್ತು.

ಎತ್ನಾಳಿಗೆ ಅದು ತಿಳಿದದ್ದು ಬ್ರೆಡ್ ತರಲು ಹೋದಾಗ. ಮೀನುದೋಣಿಯ ಯಜಮಾನ ಮ್ಯಾನಸ್ ಬ್ರೆಸ್ಲಿನ್ ರಸ್ತೆಯಲ್ಲೇ ಅಡ್ಡಗಟ್ಟಿ ಕೈ ಕುಲುಕಿದ.

"ಅಂತೂ ದೊಡ್ಡ ಮನುಷ್ಯಳಾಗ್ಬಿಟ್ಟೆ ಕಣಮ್ಮ! ಅಲ್ಲಿ ಬಿಸಿಲು ವಿಪರೀತವಂತೆ. ನಿನ್ನ ಮೈಬಣ್ಣಕ್ಕೆ ಒಂದೇ ದಿನದಲ್ಲಿ ಬೆಂದ ಸೀಗಡಿ ಆಗ್ತೀಯ, ಹುಷಾರು."

"ಎಲ್ಲಿ ಬಿಸಿಲು?"

"ಎಲ್ಲಿ ಅಂದ್ರೆ? ಹಾಲಿವುಡ್ಡಲ್ಲಿ!"

ಎತ್ನಾಳಿಗೆ ಮೊದಲು ನಗು ಬಂತು. ಆದರೆ ಆ ಮುದುಕನ ಮುಖದಲ್ಲಿದ್ದ ಸಂತೋಷ ನೋಡಿ, ಅದು ಆ ಹಾಲಿವುಡ್ ಅಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ಅವಳನ್ನು ಕಂಡು ಊರು ಖುಷಿಪಟ್ಟು ಬಹಳ ಕಾಲವಾಗಿತ್ತು. ವರ್ಷಗಟ್ಟಲೆ ಡಬ್ಲಿನ್‌ನಲ್ಲಿದ್ದು ಟಿವಿ ಧಾರಾವಾಹಿಯೊಂದರಲ್ಲಿ ನರ್ಸ್ ಪಾತ್ರ ಮಾಡಿದ್ದಳು. ಕಥೆ ಬರೆಯುವವರಿಗೆ ಆ ನರ್ಸ್ ಸಾಕಾದಳೇನೋ, ಒಂದು ಸಂಜೆ ಟ್ರ್ಯಾಕ್ಟರಿನ ಕೆಳಗೆ ಹಾಕಿ ಮುಗಿಸಿಬಿಟ್ಟರು. ಮರುದಿನ ಅಕ್ಕಪಕ್ಕದವರು, ಸಾವಾದ ಮನೆಗೆ ಒಯ್ಯುವಂತೆ, ಸೇಬಿನ ಟಾರ್ಟ್ ಹಿಡಿದುಕೊಂಡು ಅಸಂಪ್ಟಾಳ ಮನೆಗೆ ಬಂದರು. ಅರ್ಧ ತಮಾಷೆಗೆ, ಅರ್ಧ ನಿಜವಾಗಿಯೇ ಮರುಕದಿಂದ. ಅಲ್ಲಿಂದಾಚೆ ಡಬ್ಲಿನ್‌ನ ಫೋನುಗಳು ನಿಂತವು. ನಲವತ್ತು ದಾಟಿದ ಎತ್ನಾ ಅಮ್ಮನ ಮನೆಗೆ ವಾಪಸು ಬಂದು, ಅಡುಗೆಮನೆಯ ಮೇಜಿನ ಮೇಲೆ ಚಿತ್ರಕಥೆ ಬರೆದಳು. ತಾಯಿ ತೀರಿಕೊಂಡಾಗ ಒಂದೇ ಮನೆಯಲ್ಲಿ ಸೇರುವ ಮೂವರು ಅಕ್ಕತಂಗಿಯರ ಕಥೆ. ಬರೆದವಳೂ ಅವಳೇ, ನಿರ್ದೇಶಿಸುವವಳೂ ಅವಳೇ, ನಡುವಿನ ಮಗಳಾಗಿ ನಟಿಸುವವಳೂ ಅವಳೇ. ಗೆಳತಿಯೊಬ್ಬಳು ಹಾಲಿವುಡ್‌ನಲ್ಲಿ ಖಾಲಿಯಿದ್ದ ತನ್ನ ಮನೆಯನ್ನು ಬಿಟ್ಟುಕೊಟ್ಟಿದ್ದರಿಂದ ಚಿತ್ರೀಕರಣ ಅಲ್ಲಿ.

ಬ್ರೆಡ್ಡನ್ನು ಮೇಜಿನ ಮೇಲೆ ಕುಕ್ಕಿ, "ಅಮ್ಮಾ, ಏನು ಹೇಳ್ಬಿಟ್ಟೆ ನೀನು? ನಾನು ಕ್ಯಾಲಿಫೋರ್ನಿಯಾಗೆ ಹೋಗ್ತಿದೀನಿ ಅಂತ ಊರೆಲ್ಲ ಅಂದ್ಕೊಂಡಿದೆ!" ಎಂದಳು.

ಅಸಂಪ್ಟಾ ಟೀ ಬಗ್ಗಿಸುತ್ತಲೇ ಇದ್ದಳು. "ನಾನು ಕ್ಯಾಲಿಫೋರ್ನಿಯಾ ಅಂದ್ನಾ?"

"ಆ ಡಿಂಪ್ನಾಗೆ ಬಿಡಿಸಿ ಹೇಳ್ಬೇಕಿತ್ತು."

"ತಲೆ ಅವಳ ಕೈಲಿತ್ತು ಕಣೇ. ಏನಂತ ಬಿಡಿಸಿ ಹೇಳ್ಲಿ?" ಎಂದವಳು ಮಗಳ ಮುಖ ನೋಡದೆ ಸೇರಿಸಿದಳು: "ಟ್ರ್ಯಾಕ್ಟರ್ ಆದಾಗಿನಿಂದ ಎಲ್ಲರೂ ನನ್ನನ್ನ 'ಪಾಪ' ಅಂತ ಮಾತಾಡಿಸ್ತಿದ್ರು. ಒಂದು ವಾರ ಆ ಪಾಪ ಇಲ್ದೆ ಇರೋಣ ಅನ್ನಿಸ್ತು. ತಪ್ಪಾ?"

ಎತ್ನಾ ಬ್ರೆಡ್ಡಿಗೆ ಬೆಣ್ಣೆ ಸವರಿ ಅಮ್ಮನ ತಟ್ಟೆಗೆ ಹಾಕಿದಳು.

ಆದರೆ ಸುದ್ದಿ ಒಂದು ವಾರ ಸುಮ್ಮನಿರುವ ಜಾತಿಯದ್ದಾಗಿರಲಿಲ್ಲ. ಶುಕ್ರವಾರ ಚರ್ಚಿನ ಹಾಲ್‌ನಲ್ಲಿ ಬೀಳ್ಕೊಡುಗೆ ಎಂದು ಗೊತ್ತಾಯಿತು. ಹ್ಯಾಮ್ ಸ್ಯಾಂಡ್‌ವಿಚ್‌ಗಳು ಗುಡ್ಡೆ ಬಿದ್ದವು, ನುಡಿಸಲು ಅಕಾರ್ಡಿಯನ್ ಬಂತು, ಡಿಂಪ್ನಾ ತಾನೇ ಕತ್ತರಿಸಿದ ಬಂಗಾರದ ಬಣ್ಣದ ನಕ್ಷತ್ರಗಳನ್ನು ಗೋಡೆ ತುಂಬ ಅಂಟಿಸಿದಳು. ಪಾದ್ರಿಗಳು ಲಾಸ್ ಏಂಜಲೀಸ್‌ನ ಪ್ರಲೋಭನೆಗಳ ಬಗ್ಗೆ ನಾಲ್ಕು ಮಾತಾಡಿ, ಮೈಕನ್ನು ಎತ್ನಾಳ ಕೈಗೆ ಕೊಟ್ಟರು.

ಸುಮ್ಮನೆ ಧನ್ಯವಾದ ಹೇಳಿ ಇಳಿದುಬಿಡಬಹುದಿತ್ತು. ನಟಿಗೆ ಅದೇನು ಕಷ್ಟ? ಆದರೆ ಮುಂದಿನ ಸಾಲಿನಲ್ಲಿ ಮ್ಯಾನಸ್ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಕೂತಿದ್ದ.

"ನಾನು ಹೋಗ್ತಿರೋದು ಹಾಲಿವುಡ್‌ಗೇ," ಎಂದಳು. "ಆದ್ರೆ ವಿಮಾನ ಬೇಡ. ಬೆಲ್‌ಫಾಸ್ಟ್ ದಾಟಿದ್ರೆ ಸಿಗುತ್ತೆ. ಸಣ್ಣ ಸಿನಿಮಾ. ಕ್ಯಾಮೆರಾದವನೊಬ್ಬ, ನಾನು, ಇನ್ನು ನಾಲ್ಕು ಜನ. ಅದ್ರಲ್ಲಿ ಒಂದು ಸಾವಿನ ಮನೆ ದೃಶ್ಯ ಇದೆ, ಕೈ ಕುಲುಕಿ ಸಂತಾಪ ಹೇಳೋಕೆ ಬರೋ ಜನರನ್ನ ಎಲ್ಲಿಂದ ತರೋದು ಅಂತಾನೂ ಗೊತ್ತಿಲ್ಲ. ತಪ್ಪು ತಿಳ್ಕೊಂಡಿದ್ರೆ ಕ್ಷಮಿಸಿ."

ಅಕಾರ್ಡಿಯನ್ ಉಸಿರು ಬಿಟ್ಟ ಸದ್ದು ಮಾತ್ರ ಕೇಳಿಸಿತು. ಅಸಂಪ್ಟಾ ಕಣ್ಣುಮುಚ್ಚಿ ಕೂತಿದ್ದಳು.

ಮೊದಲು ಬಾಯಿಬಿಟ್ಟವನು ಮ್ಯಾನಸ್. "ಹಂಗಾದ್ರೆ ಬಸ್ಸಲ್ಲೇ ಹೋಗಿ ಬರಬಹುದಲ್ವಾ?"

"ಹೋಗ್ಬಹುದು," ಎಂದಳು ಎತ್ನಾ, ಏನೂ ಅರ್ಥವಾಗದೆ.

"ಮತ್ತೆ ಜನಕ್ಕೆ ಯಾಕೆ ಪರದಾಡ್ತೀಯ? ಸಾವಿನ ಮನೆಗೆ ಹೋಗೋದು ಹೇಗೆ ಅಂತ ನಮಗೇನು ನೀನು ಹೇಳಿಕೊಡ್ಬೇಕಾ?"

"ಕರಿ ಬಟ್ಟೆ ಎಲ್ಲರ ಹತ್ರಾನೂ ಇದೆ," ಎಂದಳು ಡಿಂಪ್ನಾ, ನಕ್ಷತ್ರಗಳ ಕಡೆ ಒಂದು ಸಲ ಬೇಸರದಿಂದ ನೋಡಿ. "ತಲೆ ನಾನು ಬಾಚ್ತೀನಿ. ಆದ್ರೆ ಅಸಂಪ್ಟಾ, ನಿನ್ನ ಲೆಕ್ಕ ಆಮೇಲೆ ನೋಡ್ಕೋತೀನಿ."

ಆ ದೃಶ್ಯದ ಚಿತ್ರೀಕರಣದ ದಿನ ಹಾಲಿವುಡ್‌ನಲ್ಲಿ ಬಸ್ಸಿಳಿದ ಕಿಲ್ಲಿಬೆಗ್ಸ್ ಜನವನ್ನು ನೋಡಿ ಕ್ಯಾಮೆರಾಮನ್ ಫೀಲಿಮ್, "ಇವರನ್ನೆಲ್ಲ ಫ್ರೇಮಿಗೆ ಹೇಗೆ ತುಂಬಿಸ್ಲಿ ಮಾರಾಯ್ತಿ?" ಎಂದು ತಲೆ ಮೇಲೆ ಕೈ ಹೊತ್ತುಕೊಂಡ. ಎತ್ನಾ ಎಲ್ಲರಿಗೂ ಹೇಳಿದ್ದು ಇಷ್ಟೆ: ಸಾಲಾಗಿ ಬನ್ನಿ, ಕೈ ಕುಲುಕಿ, ಬಾಯಿಗೆ ಬಂದದ್ದು ಹೇಳಿ, ಕ್ಯಾಮೆರಾ ನೋಡಬೇಡಿ. ಅಸಂಪ್ಟಾ ಪ್ರತಿ ಸಲವೂ ಕ್ಯಾಮೆರಾವನ್ನೇ ನೋಡಿದ್ದರಿಂದ ಅವಳನ್ನು ಟೀ ಮಾಡಲು ಒಳಗೆ ಕಳಿಸಬೇಕಾಯಿತು.

ಸಾಲು ಸಾಗಿತು. "ನಿಮ್ಮ ದುಃಖಕ್ಕೆ ನಮ್ಮ ಸಂತಾಪ" ಎಂದು ಒಬ್ಬೊಬ್ಬರೂ ಹೇಳಿ ಮುಂದೆ ಹೋದರು. ಮ್ಯಾನಸ್‌ನ ಸರದಿ ಬಂತು. ಅವನು ಎತ್ನಾಳ ಕೈ ಹಿಡಿದವನು ಬಿಡಲಿಲ್ಲ.

"ನಿಮ್ಮಪ್ಪ ಒಳ್ಳೆ ಮನುಷ್ಯ ಕಣಮ್ಮ," ಎಂದ. "ಒಂದು ದಿನ ದೋಣೀಲಿ ನನ್ನ ಕೈ ಹಗ್ಗಕ್ಕೆ ಸಿಕ್ಕಾಗ ಬಿಡಿಸ್ದೋನು ಅವನೇ. ಅವನು ತೀರಿಕೊಂಡಾಗ ಬಂದು ಹೇಳೋಕಾಗ್ಲಿಲ್ಲ."

ಚಿತ್ರಕಥೆಯಲ್ಲಿ ಅಪ್ಪನೇ ಇರಲಿಲ್ಲ. ಎತ್ನಾಳ ತಂದೆ ತೀರಿಕೊಂಡದ್ದು ಕೊರೊನಾ ಕಾಲದಲ್ಲಿ. ಬೆರಳೆಣಿಕೆಯ ಜನ, ದೂರದೂರ ನಿಂತು, ಕೈಯನ್ನೂ ಮುಟ್ಟದೆ ಮಣ್ಣು ಮಾಡಿದ್ದರು. ಊರೆಲ್ಲ ರಸ್ತೆಯ ಎರಡೂ ಬದಿಗೆ ಮೂಕವಾಗಿ ನಿಂತಿತ್ತು. ಈಗ ಮ್ಯಾನಸ್‌ನ ಹಿಂದಿದ್ದವರಿಗೂ ಅವನ ಮಾತು ಕೇಳಿಸಿತು. ಮುಂದಿನವಳು, "ನಮ್ಮ ಮನೆ ಸೂರು ಹಾರಿಹೋದಾಗ ಮೊದಲು ಬಂದೋರು ಅವರೇ" ಎಂದಳು. ಡಿಂಪ್ನಾ ಎತ್ನಾಳ ಕೆನ್ನೆ ಸವರಿದಳು. ಒಳಗಿನಿಂದ ಕೆಟಲ್ ಹಿಡಿದುಕೊಂಡೇ ಬಂದ ಅಸಂಪ್ಟಾ ಬಾಗಿಲಲ್ಲಿ ನಿಂತುಬಿಟ್ಟಳು. ಅವಳಿಗೆ ಈಗ ಕ್ಯಾಮೆರಾದ ನೆನಪೇ ಇರಲಿಲ್ಲ. ಎತ್ನಾ ಅತ್ತಳು, ನಡುವಿನ ಮಗಳಾಗಿಯೋ ತಾನಾಗಿಯೋ ಅವಳಿಗೇ ತಿಳಿಯಲಿಲ್ಲ. 'ಕಟ್' ಹೇಳಬೇಕಾದವಳು ಅವಳೇ, ಹೇಳಲಿಲ್ಲ. ಫೀಲಿಮ್ ಬುದ್ಧಿವಂತ, ಕ್ಯಾಮೆರಾ ನಿಲ್ಲಿಸಲಿಲ್ಲ.

ಆ ರಾತ್ರಿಯೇ ಎತ್ನಾ ಕಥೆ ತಿದ್ದಿದಳು. ಮೂವರು ಹೆಣ್ಣುಮಕ್ಕಳು ಕಳೆದುಕೊಂಡದ್ದು ಈಗ ತಾಯಿಯನ್ನಲ್ಲ, ತಂದೆಯನ್ನು. ಮರುವರ್ಷ ಗಾಲ್ವೇಯ ಚಿತ್ರೋತ್ಸವದಲ್ಲಿ ಸಿನಿಮಾ ತೋರಿಸಿದಾಗ ಆ ಸಾಲಿನ ದೃಶ್ಯಕ್ಕೆ ಜನ ಉಸಿರು ಬಿಗಿಹಿಡಿದು ಕೂತರು. ಡಬ್ಲಿನ್‌ನ ನಿರ್ಮಾಪಕಿಯೊಬ್ಬಳು ಹೊರಗೆ ಕಾದು ನಿಂತು, ಮುಂದಿನ ಚಿತ್ರಕಥೆ ತನಗೇ ಮೊದಲು ಕಳಿಸಬೇಕೆಂದಳು. "ಆ ಸಂಭಾಷಣೆಗಳನ್ನ ಎಷ್ಟು ಸಹಜವಾಗಿ ಬರ್ದಿದ್ದೀರಿ!" ಎಂದಾಗ ಎತ್ನಾ, "ಅವು ನನ್ನವಲ್ಲ" ಎಂದು, ಸಿನಿಮಾದ ಕೊನೆಯಲ್ಲಿ ಬರುವ ಹೆಸರುಗಳನ್ನು ನೋಡಿ ಎಂದಳು. ಚಿತ್ರಕಥೆಯ ಕೆಳಗೆ ಅವಳ ಹೆಸರಿನ ಜೊತೆ ಬಸ್ಸಿನಲ್ಲಿ ಬಂದ ಅಷ್ಟೂ ಜನರ ಹೆಸರಿತ್ತು.

ಯಾರ ಹೆಸರು ಯಾರಿಗಿಂತ ಮೇಲೆ ಬಂತು ಎಂಬ ಜಗಳ ಡಿಂಪ್ನಾಳ ಪಾರ್ಲರ್‌ನಲ್ಲಿ ಇನ್ನೂ ಮುಗಿದಿಲ್ಲ.