ಹನಿಯುವ ವಾಲ್ವಿಗೆ ಬೆಣೆ ಬೇಡ

ನಮ್ಮ ಕಡೆ ಅಬ್ಬಿ ನೀರಿನ ಪೈಪು ಸೋರಿದರೆ ಯಾರೂ ಪೇಟೆಗೆ ಓಡುವುದಿಲ್ಲ. ಒಂದು ಬೆಣೆ ಕೆತ್ತಿ, ಹಳೇ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ತೂತಿಗೆ ಬಡಿಯುತ್ತೇವೆ. ಗುಡ್ಡದ ಒರತೆಯಿಂದ ಮನೆಗೆ ಈ ಅಬ್ಬಿ ನೀರು ತಂದ ಕಾಲದಿಂದಲೂ ಇದೇ ರೂಢಿ. ಹೊಸನಗರದ ಹತ್ತಿರದ ನಮ್ಮೂರಲ್ಲಿ ಈ ಕೆಲಸಕ್ಕೆ ರಾಮಚಂದ್ರಪ್ಪನ ಕೈಯೇ ಆಗಬೇಕು.

ಅವನ ಮಗಳು ಸುಪ್ರಿಯಾ ಬಾಣಂತನಕ್ಕೆ ಬಂದಳು. ಹಸುಗೂಸಿಗೆ ಹಂಡೆ ಒಲೆಯ ಹೊಗೆ ಬೇಡವೆಂದು ಬಚ್ಚಲಿಗೆ ಗೀಸರ್ ತಂದರು, ಅಬ್ಬಿ ಪೈಪಿಗೇ ಜೋಡಿಸಿದರು. ಆದರೆ ನೀರು ಕಾಯುವಾಗಲೆಲ್ಲ ಗೀಸರಿನ ಅಡಿಯ ಸಣ್ಣ ಹಿತ್ತಾಳೆ ವಾಲ್ವು ತೊಟ್ಟಿಕ್ಕುತ್ತಿತ್ತು. ಕೆಳಗಿನ ಕಲ್ಲಿಗೆ ಪಾಚಿ ಹಿಡಿಯಿತು.

“ಬಾಣಂತಿ ಜಾರಿ ಬಿದ್ರೆ ಎಂತ ಮಾಡ್ತೀರಿ? ಊರವ್ರ ಪೈಪೆಲ್ಲ ಸರಿ ಮಾಡ್ತೀರಿ, ನಮ್ಮನೇದು ಮಾತ್ರ ಸೋರ್ತಾ ಇರ್ಲಿ!” ಎಂದು ಹೆಂಡತಿ ಕೆರಿಯಮ್ಮ ಚುಚ್ಚಿದಳು.

ರಾಮಚಂದ್ರಪ್ಪ ಬೆಣೆ ಕೆತ್ತಿ ವಾಲ್ವಿನ ಬಾಯಿಗೆ ಬಡಿದ. ಹನಿ ನಿಂತಿತು.

ಮರುದಿನ ಬೆಳಿಗ್ಗೆ ನೆರೆಮನೆಯ ವರದಾ ಮಗು ನೋಡಲು ಬಂದಳು. ಸಾಗರದಲ್ಲಿ ಐಟಿಐ ಓದಿ, ಈಗ ಗೀಸರ್ ಜೋಡಿಸುವ ಕೆಲಸ ಮಾಡುತ್ತಾಳೆ. ಕೆರಿಯಮ್ಮ ಹೆಮ್ಮೆಯಿಂದ ಬಚ್ಚಲು ತೋರಿಸಿದಳು. ಗೀಸರಿನ ದೀಪ ಉರಿಯುತ್ತಿತ್ತು. ಸುಪ್ರಿಯಾ ಮಗುವಿಗೆ ಎಣ್ಣೆ ಹಚ್ಚಿಕೊಂಡು ಬಾಗಿಲವರೆಗೆ ಬಂದಿದ್ದಳು.

ಬೆಣೆ ಕಂಡದ್ದೇ ವರದಾ ಹೊರಗೆ ಹೋಗಿ ಮೇನ್ ಸ್ವಿಚ್ ಆರಿಸಿದಳು.

“ಸುಪ್ರಿಯಾ, ಕೂಸು ಎತ್ಕೊಂಡು ಜಗಲಿಗೆ ಹೋಗು. ದೊಡ್ಡಮ್ಮಾ, ನೀವೂ ಬನ್ನಿ.”

“ಎಂತ ಆಯ್ತೇ ಮಾರಾಯ್ತಿ? ಎಣ್ಣೆ ಹಚ್ಚಿದ ಕೂಸು, ಥಂಡಿ ಆಗ್ತದೆ” ಎಂದಳು ಕೆರಿಯಮ್ಮ.

“ಆ ಬೆಣೆ...”

“ಅದಾ? ಈಗ ಕೀಳ್ತೀನಿ ಬಿಡು” ಎಂದು ಮಾತು ಕೇಳಿ ಬಂದ ರಾಮಚಂದ್ರಪ್ಪ ಕೈ ಚಾಚಿದ.

“ಮುಟ್ಬೇಡಿ ದೊಡ್ಡಪ್ಪಾ! ಒಳಗೆ ಸುಡೋ ನೀರು ಒತ್ಕೊಂಡು ನಿಂತಿರ್ತದೆ. ಕಿತ್ರೆ ಮುಖಕ್ಕೇ ಹಾರ್ತದೆ. ಪೂರ್ತಿ ತಣೀಲಿ.”

ಬಾಗಿಲೆಳೆದು ಎಲ್ಲರೂ ಹೊರಬಂದರು. ಮೂಲೆ ಸೇರಿದ್ದ ತಾಮ್ರದ ಹಂಡೆಗೆ ಹಿತ್ತಲಲ್ಲಿ ಮತ್ತೆ ಬೆಂಕಿ ಹಾಕಿದರು.

“ಎರಡು ಹನಿ ನಿಲ್ಸಿದ್ದಕ್ಕೆ ಇಷ್ಟು ಗಲಾಟೆಯಾ?” ಕೆರಿಯಮ್ಮ ಗೊಣಗಿದಳು. “ಈ ಹಂಡೇಲಿ ನಾನೇನು ಕಮ್ಮಿ ನೀರು ಕಾಸಿದ್ದೀನಾ?”

“ಹಂಡೆ ಬಾಯಿ ನೋಡಿ ದೊಡ್ಡಮ್ಮ, ಎಷ್ಟು ಅಗಲ! ಕುದಿದ್ರೆ ಆವಿ ಅದರ ಪಾಡಿಗೆ ಹೋಗ್ತದೆ. ಗೀಸರ್ ಸುತ್ತ ಮುಚ್ಚಿದ ಪಾತ್ರೆ. ಕಾದ ನೀರು ಹಿಗ್ತದೆ. ಒತ್ತಡ ಹೆಚ್ಚಾದ್ರೆ ಹೊರಗೆ ಬಿಡೋಕೇ ಆ ವಾಲ್ವ್ ಇಟ್ಟಿರೋದು. ಕಾವು ನಿಲ್ಸೋ ಥರ್ಮೋಸ್ಟಾಟ್ ಕೈಕೊಟ್ಟು, ವಾಲ್ವೂ ಮುಚ್ಚಿದ್ರೆ ಟ್ಯಾಂಕೇ ಸಿಡೀಬಹುದು. ಜೊತೆಗೆ ಗುಡ್ಡದಿಂದ ಇಳಿಯೋ ನೀರಿನ ಒತ್ತಡ ಬೇರೆ.”

ಕೆರಿಯಮ್ಮ ಮಗಳ ಮಡಿಲಿನ ಕೂಸನ್ನು ನೋಡಿದಳು.

“ಮತ್ತೆ ಜಾರೋ ಕಲ್ಲಿಗೆ ಎಂತ ಮಾಡೋದೇ?” ಎಂದಳು ಮೆಲ್ಲಗೆ.

“ಹನೀನ ನಿಲ್ಸೋದು ಬೇಡ, ಅದಕ್ಕೆ ದಾರಿ ಮಾಡೋಣ.”

ಗೀಸರ್ ಪೂರ್ತಿ ತಣಿದ ಮೇಲೆ ವರದಾ ಕೆಲಸಕ್ಕೆ ಕೈಯಿಟ್ಟಳು. ಕರೆಂಟು ಆರಿಯೇ ಇದೆಯೇ ಎಂದು ಮತ್ತೆ ನೋಡಿದಳು. ತಣ್ಣೀರು ಬರುವ ದಾರಿ ಕಟ್ಟಿ, ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿದಳು. ಬೆಣೆ ಬಡಿದ ವಾಲ್ವನ್ನು ನಂಬುವಂತಿಲ್ಲವೆಂದು, ಗೀಸರಿಗೆ ಹೊಂದುವ ಹೊಸದನ್ನೇ ತರಿಸಿ ಹಾಕಿದಳು. ನೀರು ಹರಿಯುವ ದಿಕ್ಕು ತೋರುವ ಅದರ ಬಾಣದ ಗುರುತು ಗೀಸರಿನ ಕಡೆಗಿತ್ತು. ವಾಲ್ವಿಗೂ ಗೀಸರಿಗೂ ನಡುವೆ ಇನ್ನಾವ ನಲ್ಲಿಯನ್ನೂ ಇಡಲಿಲ್ಲ. ಅಬ್ಬಿ ನೀರಿನ ರಭಸ ತಗ್ಗಿಸಲು ಪೈಪಿಗೆ ಇನ್ನೊಂದು ವಾಲ್ವು ಜೋಡಿಸಿದಳು. ಬಿಸಿ ತಡೆಯುವ ಸಣ್ಣ ಪೈಪನ್ನು ರಾಮಚಂದ್ರಪ್ಪನೇ ಗೀಸರ್ ವಾಲ್ವಿನ ಬಾಯಿಂದ ಇಳಿಜಾರಾಗಿ ಮೋರಿಯವರೆಗೆ ಎಳೆದ. ಅದರ ತುದಿ ತೆರೆದೇ ಇತ್ತು. ಟ್ಯಾಂಕು ತುಂಬಿ ನಲ್ಲಿಯಲ್ಲಿ ನೀರು ಸರಾಗ ಬಂದ ಮೇಲಷ್ಟೇ ಸ್ವಿಚ್ ಹಾಕಿದರು.

ನೀರು ಕಾಯತೊಡಗಿತು. ಮೋರಿಗೆ ಟಪ್ಪೆಂದು ಹನಿ ಬಿತ್ತು.

ಕೆರಿಯಮ್ಮ ಗಂಡನ ಕಡೆ ತಿರುಗಿ, “ಬೆಣೆ ಕೆತ್ತೋ ಆ ಕತ್ತಿ ಇತ್ಲಾಗೆ ಕೊಡಿ. ಸೋರೋದು ಕಂಡ್ರೆ ನಿಮ್ ಕೈ ಸುಮ್ನಿರಲ್ಲ” ಎಂದಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇಂದೇ ನಿಮ್ಮ ಗೀಸರಿನ ಅಡಿಗೆ ಒಮ್ಮೆ ಕಣ್ಣು ಹಾಯಿಸಿ. ಸುರಕ್ಷಾ ವಾಲ್ವು ಇದೆಯೇ? ಅದರ ಬಾಯಿ ತೆರೆದಿದೆಯೇ? ಇಲ್ಲವಾದರೆ ಮೇನ್ ಸ್ವಿಚ್ ಆರಿಸಿ, ಕೆಲಸ ಬಲ್ಲವರನ್ನು ಕರೆಸಿ. ನೀವೇ ಬಿಚ್ಚಲು ಹೋಗಬೇಡಿ. ಕಾಯುವಾಗ ಅಷ್ಟಿಷ್ಟು ಹನಿದರೆ ಹೆದರಬೇಡಿ. ಆವಿಯೋ ಸುಡುನೀರೋ ಬಿಡದೆ ಸುರಿದರೆ ಕೂಡಲೇ ಕರೆಂಟು ಆರಿಸಿ ದೂರ ನಿಲ್ಲಿ.

ಅಬ್ಬಿ ಪೈಪು ಸೋರಿದರೆ ಧಾರಾಳವಾಗಿ ಬೆಣೆ ಬಡಿಯಿರಿ. ಗೀಸರಿನ ವಾಲ್ವನ್ನು ಮಾತ್ರ ಹನಿಯಲು ಬಿಡಿ. ಕೂಸು ಮೀಯುವ ಮನೆ ಅದು.