ಸಾಲಿನ ತಲೆಯ ಚುಕ್ಕೆ

ಕಾಗದ ಗಂಗಲಕ್ಷ್ಮಮ್ಮನ ತವರಿನದು. ಕೆಂಗೇರಿ ಕಡೆಯ ಅವಳ ಮುತ್ತಜ್ಜ ನೂರಿಪ್ಪತ್ತು ವರ್ಷದ ಹಿಂದೆ ದಂಡಿಗೆ ಸೇರಿ ಬರ್ಮಾಕ್ಕೆ ಹೋದವನು, ಅಲ್ಲಿಂದ ಹೆಂಡತಿಗೆ ಒಂದೇ ಒಂದು ಕಾಗದ ಬರೆದಿದ್ದ. ಅದೂ ಗಂಡಹೆಂಡಿರಿಬ್ಬರೇ ಬಲ್ಲ ಗುಟ್ಟಿನ ಲಿಪಿಯಲ್ಲಿ. ಅದು ಊರು ಮುಟ್ಟುವ ಹೊತ್ತಿಗೆ ಆಕೆ ತೀರಿಹೋಗಿದ್ದಳು. ಆತನೂ ಮರಳಲಿಲ್ಲ. ಒಂಬತ್ತೇ ಸಾಲು. ಮೇಷ್ಟರು, ಶಾಸನ ಓದುವವರು, ಯಾರು ಯಾರೋ ನೋಡಿ ಕೈಚೆಲ್ಲಿದ್ದರು. ಮದುವೆಯಾದ ಹೊಸದರಲ್ಲಿ ಅವಳ ಗಂಡ ಕೆಂಚಪ್ಪ ಮಾತು ಕೊಟ್ಟಿದ್ದ: "ನಾನು ಓದಿ ಹೇಳ್ತೀನಿ ಕಣೇ."

ಹೇಳಿದನೇ? ಎಲ್ಲಿ ಬಂತು! ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿದ ಮನುಷ್ಯ, ತನ್ನ ಕಣ್ಣಿಗೆ ಏನೂ ತಪ್ಪುವುದಿಲ್ಲವೆಂಬ ಜಂಬ ಬೇರೆ. ಕಾಗದ ಪುಡಿಯಾದೀತೆಂದು ಗಂಗಲಕ್ಷ್ಮಮ್ಮನೇ ಅದನ್ನು ಅಂಗಡಿಗೆ ಒಯ್ದು ಜೆರಾಕ್ಸ್ ಮಾಡಿಸಿ ತಂದುಕೊಟ್ಟು, ಮೂಲವನ್ನು ಟ್ರಂಕಿನಲ್ಲಿಟ್ಟಳು. ಆಮೇಲೆ ಅದನ್ನು ಅವನು ಒಮ್ಮೆಯೂ ಬಿಚ್ಚಿ ನೋಡಲಿಲ್ಲ. ನಿವೃತ್ತನಾದ ಮೇಲೆ ಹದಿಮೂರು ವರ್ಷ, ರಾಜಾಜಿನಗರದ ಮನೆಯ ವರಾಂಡದಲ್ಲಿ ಅವನು ಆ ಜೆರಾಕ್ಸ್ ಹರಡಿಕೊಂಡು ಕೂತ. ಪ್ರತಿ ಸಾಲಿನ ತಲೆಯಲ್ಲೂ ಒಂದು ಸಣ್ಣ ಕರಿ ಚುಕ್ಕೆ. ಗುಟ್ಟೆಲ್ಲ ಅದರಲ್ಲೇ ಇದೆಯೆಂದು ಅವನ ಹಟ. ಚುಕ್ಕೆಯಿಂದ ಮುಂದಕ್ಕೆ ಎಣಿಸಿದ, ಹಿಂದಕ್ಕೆ ಎಣಿಸಿದ, ಇಪ್ಪತ್ತೆರಡು ನೋಟ್‌ಬುಕ್ ತುಂಬಿಸಿದ. ಅವಳು ಕಾಫಿ ತಂದಿಟ್ಟು, "ಏನಾದ್ರೂ ಗೊತ್ತಾಯ್ತಾ ರೀ?" ಎಂದರೆ, "ಎಣಿಕೆ ತಪ್ಪುತ್ತೆ, ಹೋಗೇ" ಎನ್ನುತ್ತಿದ್ದ.

ಆಸ್ಪತ್ರೆಯಲ್ಲಿ ಅವಳು ಮಲಗಿದ್ದ ಮಂಚದ ಪಕ್ಕದಲ್ಲೂ ಅವನ ಕೈಯಲ್ಲಿ ಅದೇ ಜೆರಾಕ್ಸ್. ಕೊನೆಯ ದಿನ ಅವಳು ಕೈ ಚಾಚಿದಾಗ, "ಒಂದು ನಿಮಿಷ ಇರು" ಎಂದ. ಆ ಒಂದು ನಿಮಿಷ ಅವನಿಗೆ ಈ ಜನ್ಮಕ್ಕೆ ಮತ್ತೆ ಸಿಗುವುದಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮರುಬೆಳಿಗ್ಗೆ, ಮಗಳು ಕುಸುಮಾ ಅಮ್ಮನ ಸೀರೆಗಳನ್ನು ತೆಗೆಯಲು ಟ್ರಂಕು ಬಿಚ್ಚಿದಳು. ಅಡಿಯಲ್ಲಿ ರವಿಕೆ ಬಟ್ಟೆಯಲ್ಲಿ ಸುತ್ತಿದ ಕಾಗದವಿತ್ತು. ಕೆಂಚಪ್ಪ ಅದನ್ನು ಬೆಳಕಿಗೆ ಹಿಡಿದ. ಅಕ್ಷರಗಳು ಕಂದು. ಚುಕ್ಕೆಗಳು ಮಾತ್ರ ಕೆಂಪು.

"ಇದೇನಮ್ಮ, ಕೆಂಪಗಿದೆ?"

"ಕುಂಕುಮ ಅಲ್ವಾಪ್ಪ. ಜೆರಾಕ್ಸ್ ಮಾಡ್ಸೋಕೆ ಮುಂಚೆ ಅಮ್ಮ ಸರಸ್ವತಿ ಪೂಜೆಗೆ ಇಟ್ಟಿದ್ಲು. ಪುಸ್ತಕಕ್ಕೆಲ್ಲ ಇಡೋ ಹಾಗೆ ಇದಕ್ಕೂ ಇಟ್ಲು. ನೀವು ಒಂದು ಸಾಲಲ್ಲೂ ಸೋಲಬಾರದು ಅಂತ, ಕಡ್ಡಿ ಅದ್ದಿ ಸಾಲು ಸಾಲಿಗೂ ಒಂದೊಂದು. ಬಟ್ಟಲು ಹಿಡ್ಕೊಂಡಿದ್ದವಳು ನಾನೇ."

ಕೆಂಚಪ್ಪ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತ. ಚುಕ್ಕೆಯ ವಿಷಯ ಒಂದೇ ಒಂದು ದಿನ ಅವಳ ಹತ್ತಿರ ಬಾಯಿ ಬಿಟ್ಟಿದ್ದರೆ, ನಕ್ಕು ಅಂದೇ ಹೇಳಿಬಿಡುತ್ತಿದ್ದಳು. ಅವನು ಹೇಳಿರಲಿಲ್ಲ. ಹದಿಮೂರು ವರ್ಷ ಅವಳನ್ನು ಆಚೆ ಕಳಿಸಿ, ಅವಳಿಟ್ಟ ಕುಂಕುಮವನ್ನೇ ಎಣಿಸುತ್ತ ಕೂತಿದ್ದ.

"ಹತ್ತೀಲಿ ಮೆಲ್ಲಗೆ ಒರೆಸಿಬಿಡ್ಲಾಪ್ಪ? ಮೊದಲಿಂದ ನೋಡಬಹುದು" ಎಂದಳು ಕುಸುಮಾ.

"ಬೇಡ ಕಣಮ್ಮ. ಇರ್ಲಿ."

ಒಂಬತ್ತು ಚುಕ್ಕೆಗಳ ಮೇಲೂ ಒಂದೊಂದಾಗಿ ಬೆರಳಿಟ್ಟ. ಕಣ್ಣೀರು ಕಾಗದದ ಮೇಲೆ ಬೀಳದಂತೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡ.

"ಗೊತ್ತಾಯ್ತು ಕಣೇ" ಎಂದ. ಕೇಳಿಸಿದ್ದು ಕುಸುಮಾಗೆ ಮಾತ್ರ.