ಪಾಕ್ ಮರ್ಸುದಿಯವರ ಕೆಳತುಟಿ

ಪಾಕ್ ಮರ್ಸುದಿಯವರನ್ನು ಮಾತಾಡಿಸಲು ಬಂದವರಿಗೆ ಕಾಯುವ ತಾಳ್ಮೆ ಬೇಕಿತ್ತು. ಅವರ ಕೆಳತುಟಿಯ ಒಳಗೆ ಸದಾ ಒಂದು ಉಕ್ಕಿನ ಗುಂಡು ಕುಳಿತಿರುತ್ತಿತ್ತು. ಅದರ ಕುರಿತ ತೀರ್ಪು ಹೊರಬೀಳುವ ತನಕ ಬಾಯಿಂದ ಬೇರೆ ಮಾತು ಹೊರಡುತ್ತಿರಲಿಲ್ಲ. ಸೋಲೊ ಪಟ್ಟಣದ ಹಳೆಯ ಸಂತೆಯ ಹಿಂಬದಿಯಲ್ಲಿ, ಕಾಡುಬಾದಾಮಿ ಮರದ ನೆರಳಿನಲ್ಲಿ, ಅವರು ಬೆಚಾಕ್ ಗಾಡಿಗಳ ಗಾಲಿ ಬಿಚ್ಚುತ್ತಿದ್ದರು. ಸವಾರಿಯನ್ನು ಮುಂದೆ ಕೂರಿಸಿ ಹಿಂದಿನಿಂದ ತುಳಿಯುವ ಆ ಮೂರು ಗಾಲಿಯ ಗಾಡಿಯ ಜೀವವೆಲ್ಲ ಗಾಲಿಯ ನಡುವಿನ ಬಟ್ಟಲಿನಲ್ಲಿ, ಗ್ರೀಸಿನೊಳಗೆ ಉರುಳುವ ಗುಂಡುಗಳಲ್ಲಿದೆ. ಸವೆದದ್ದನ್ನು ತೆಗೆದು ಹೊಸದನ್ನು ಹಾಕುವುದು ಯಾರಿಗಾದರೂ ಬರುತ್ತದೆ. ಆದರೆ ಒಂದೇ ಅಳತೆಯವೆಂದು ಅಂಗಡಿಯವನು ತೂಗಿ ಕೊಟ್ಟ ರಾಶಿಯಲ್ಲಿ ನಿಜಕ್ಕೂ ಒಂದೇ ಅಳತೆಯವನ್ನು ಹೆಕ್ಕುವ ಅಧಿಕಾರ ನಮ್ಮ ಓಣಿಯಲ್ಲಿ ಆ ತುಟಿಯೊಂದಕ್ಕೇ ಇತ್ತು.

"ಬೆರಳು ಸುಳ್ಳು ಹೇಳುತ್ತೆ, ಅದರ ಚರ್ಮ ಸತ್ತಿದೆ. ತುಟಿ ಇನ್ನೂ ಮಗು ಕಣಯ್ಯ," ಎನ್ನುತ್ತಿದ್ದರು.

ಅದೇ ಮರದ ಇನ್ನೊಂದು ಮಗ್ಗುಲಿಗೆ ಹಳೆಯ ಪುಸ್ತಕ ಹರಡಿಕೊಂಡು ಕೂರುವ ನನಗೆ ಅವರ ಬರವು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಯಾರೋ ನಿವೃತ್ತ ಸ್ಟೇಷನ್ ಮಾಸ್ತರರಿಂದ ಬಂದ ಖಾಕಿ ಕೋಟು, ಅದರ ಒಂದೊಂದು ಜೇಬಿನಲ್ಲಿ ಒಂದೊಂದು ಅಳತೆಯ ಗುಂಡು, ಆ ಭಾರಕ್ಕೆ ಬಲಕ್ಕೆ ವಾಲಿದ ನಡಿಗೆ, ಹೆಜ್ಜೆ ಹೆಜ್ಜೆಗೂ ಕಿಣಿಕಿಣಿ. ಒಂದು ಶುಕ್ರವಾರದ ನಮಾಜಿನಲ್ಲಿ ಹಣೆ ನೆಲಕ್ಕೆ ತಾಗಿಸುವ ಹೊತ್ತಿಗೆ ಎದೆಯ ಜೇಬು ಬರಿದಾಗಿ, ಗುಂಡುಗಳೆಲ್ಲ ಭಕ್ತರ ಸಾಲಿನ ನಡುವೆ ಉರುಳಿದವು. ಪ್ರಾರ್ಥನೆ ಮುಗಿಯುವ ತನಕ ಯಾರೂ ಮಿಸುಕಲಿಲ್ಲ. ಮುಗಿದ ಮೇಲೆ ಎಲ್ಲರೂ ಮಂಡಿಯೂರಿ ಹುಡುಕಿದ್ದೇ ಹುಡುಕಿದ್ದು. ಇಮಾಮರು ಒಂದನ್ನು ಎತ್ತಿಕೊಟ್ಟು, "ತಗೊಳ್ಳಪ್ಪ, ನಿನ್ನ ಸೈನ್ಯದಲ್ಲಿ ಇವನೊಬ್ಬ ನನ್ನ ಕಡೆ ಸೇರ್ಕೊಂಡಿದ್ದ," ಎಂದರಂತೆ.

ಹಠವೂ ಕಮ್ಮಿಯದಲ್ಲ. ಒಂದು ಗುಂಡು ಒಡೆದರೆ ಆ ಬಟ್ಟಲಿನ ಸಮಸ್ತ ಸಂಸಾರವೂ ಹೊರಗೆ. ಬೆಚಾಕ್ ತುಳಿಯುವ ಪೊನಿದಿ ಗೋಗರೆಯುತ್ತಿದ್ದ: "ಪಾಕ್ ದೆ, ಹಾಳಾಗಿರೋದು ಒಂದೇ ಅಲ್ವಾ? ಅದನ್ನಷ್ಟೇ ಬದಲಾಯಿಸಿ ಬಿಟ್ಬಿಡಿ." ಪಾಕ್ ಎಂದರೆ ಅಪ್ಪ, ಪಾಕ್ ದೆ ಎಂದರೆ ದೊಡ್ಡಪ್ಪ; ಬೆಚಾಕ್‌ನವರೆಲ್ಲರಿಗೂ ಅವರು ದೊಡ್ಡಪ್ಪನೇ.

"ಸವೆದ ಮುದುಕರ ಮಧ್ಯೆ ದಪ್ಪಗಿರೋ ಹೊಸ ಅಳಿಯನ್ನ ಕೂರಿಸ್ತೀಯಾ? ಭಾರ ಎಲ್ಲ ಅವನ ತಲೆ ಮೇಲೇ ಬೀಳುತ್ತೆ. ಬೇಗ ಸಾಯ್ತಾನೆ. ಸಾಯೋವಾಗ ಸುಮ್ನೆ ಸಾಯ್ತಾನಾ, ಬಟ್ಟಲನ್ನೂ ಕೆರೆದು ಹೋಗ್ತಾನೆ."

ಪಕ್ಕದಲ್ಲೇ ತೆಂಪೆ ಎಂಬ ಸೋಯಾ ಕಾಳಿನ ಬಿಲ್ಲೆ ಕರಿಯುತ್ತಿದ್ದ ಅವರ ಹೆಂಡತಿ ಬು ಸುಮಿರಾ, "ನಮ್ಮಪ್ಪನ ಮನೆಗೆ ಬಂದಾಗ ನೀವೂ ಹಾಗೇ ಇದ್ರಿ, ಏನೂ ಸಾಯ್ಲಿಲ್ಲ," ಎಂದು ಬಾಣಲೆಯಿಂದ ತಲೆಯೆತ್ತದೆ ಹೇಳುತ್ತಿದ್ದರು.

ಉಪವಾಸದ ತಿಂಗಳು ಮುಗಿಸುವ ಲೆಬರಾನ್ ಹಬ್ಬ ಕಳೆದ ಹೊಸತರಲ್ಲಿ ಒಂದು ಬೆಳಗ್ಗೆ ಅವರಿಗೆ ಲಕ್ವ ಹೊಡೆದು ಮುಖದ ಒಂದು ಪಾರ್ಶ್ವ ಜೋತುಬಿತ್ತು, ಒಂದು ಕಾಲೂ ಮಾತೂ ಹೋದವು. ಕಾಲು ಸರಿಹೋಯಿತು, ಮಾತೂ ಮರಳಿತು. ತುಟಿಗೆ ಮಾತ್ರ ಸ್ಪರ್ಶ ಮರಳಲಿಲ್ಲ. ಇದನ್ನು ಅವರು ಯಾರಿಗೂ ಹೇಳಲಿಲ್ಲ. ಮುಂಚಿನಂತೆಯೇ ಗುಂಡನ್ನು ತುಟಿಯೊಳಗಿಟ್ಟು, ಮುಂಚಿನಷ್ಟೇ ಹೊತ್ತು ಧ್ಯಾನಸ್ಥರಾಗಿ, ಮುಂಚಿನಂತೆಯೇ ತಲೆದೂಗಿ ಆರಿಸುತ್ತಿದ್ದರು. ಆದರೆ ಗಾಲಿಗಳು ಬಾಯಿ ಮುಚ್ಚಿಕೊಂಡಿರಲಿಲ್ಲ. ಸಂತೆಯ ಬೀದಿಯಲ್ಲಿ ಗರಗರ ಶುರುವಾಯಿತು. ದೂರು ಹೇಳಲೆಂದೇ ಬಂದ ಪೊನಿದಿ ಆ ಸೊಟ್ಟ ಮುಖವನ್ನು ನೋಡಿ, ನಾಲಿಗೆ ಕಚ್ಚಿಕೊಂಡು ತೆಂಪೆಯ ಕಡೆ ತಿರುಗಿದ. ಬು ಸುಮಿರಾ ಅವನ ಗಾಲಿಯ ಗರಗರವನ್ನು ಕಿವಿಗೊಟ್ಟು ಕೇಳಿಸಿಕೊಂಡರು. ಆ ತುಟಿ ಹೋಯಿತೆಂದು ಬಾಯಿಬಿಟ್ಟು ಹೇಳಿದರೆ ಗಂಡ ಮತ್ತೆ ಮನೆಯಿಂದ ಹೊರಗೆ ಬರುವುದಿಲ್ಲವೆಂದು ಆಕೆಗೆ ಗೊತ್ತಿತ್ತು. ನಮಗೂ ಗೊತ್ತಿತ್ತು.

ಅಂದಿನಿಂದ, ಆರಿಸಿದ ಗುಂಡುಗಳನ್ನು ತೆಂಗಿನ ಚಿಪ್ಪಿನಲ್ಲಿಟ್ಟು ಅವರು ಮಧ್ಯಾಹ್ನದ ನಮಾಜಿಗೆ ಹೋದೊಡನೆ, ಆಕೆ ಹಪ್ಪಳದ ಡಬ್ಬಿಯ ಮುಂಬದಿಯ ಗಾಜನ್ನು ಕಳಚುತ್ತಿದ್ದರು. ಕೈಗನ್ನಡಿಯ ಮೇಲೆ ಗುಂಡುಗಳನ್ನು ಹರಡಿ, ಮೇಲೆ ಗಾಜಿಟ್ಟು ಮೆಲ್ಲಗೆ ಅದುಮಿ ಓರೆ ಮಾಡಿದರೆ, ಕೂದಲೆಳೆಯಷ್ಟು ಸಣ್ಣದಾದದ್ದು ಹಿಡಿತಕ್ಕೆ ಸಿಗದೆ ಜಾರಿ ಹೊರಬೀಳುತ್ತಿತ್ತು. ಅದರ ಜಾಗಕ್ಕೆ ಬೇರೊಂದು. ಈ ನಡುವೆ ಬಾಣಲೆಯಲ್ಲಿದ್ದದ್ದು ಕರಕಲಾಗುತ್ತಿತ್ತು. ಮರದಡಿಯ ನಾವೆಲ್ಲರೂ ಆ ಕರಕಲನ್ನು ತುಟಿ ಪಿಟಕ್ಕೆನ್ನದೆ ತಿನ್ನುತ್ತಿದ್ದೆವು. ಗಾಲಿಗಳ ಗರಗರ ನಿಂತಿತು.

ಒಂದು ದಿನ ಮರ್ಸುದಿಯವರು ಮಸೀದಿಯಿಂದ ನೇರವಾಗಿ ಯಾರದೋ ಮಣ್ಣಿಗೆ ಹೋಗಿಬಿಟ್ಟರು. ಪೊನಿದಿಯ ಗಾಲಿ ಇಲ್ಲಿ ಬಿಚ್ಚಿಕೊಂಡು ಬಿದ್ದಿದೆ, ಅವನ ಮಗಳಿಗೆ ಹೆರಿಗೆಯ ದಿನ. ಬು ಸುಮಿರಾ ತಾವೇ ಬಟ್ಟಲಿಗೆ ಗ್ರೀಸು ಬಳಿದು, ತಾವು ಆರಿಸಿದ್ದ ಗುಂಡುಗಳನ್ನು ಒತ್ತೊತ್ತಾಗಿ ಕೂರಿಸಿ, ಗಾಲಿ ಬಿಗಿದು ಕಳಿಸಿದರು. ಮಗು ಸುಖವಾಗಿ ಹುಟ್ಟಿತು. ಗಾಲಿ ಮಾತ್ರ ಬಿಗಿಯುತ್ತಾ ಬಂತು. ಮೊಮ್ಮಗಳ ಸಂಭ್ರಮದಲ್ಲಿ ತಲೆ ಎಲ್ಲಿತ್ತೋ, ಪೊನಿದಿ ಅದನ್ನು ನೆಟ್ಟಗೆ ಮರ್ಸುದಿಯವರ ಮುಂದೆಯೇ ತಂದು ನಿಲ್ಲಿಸಿದ.

ಅವರು ಬಿಚ್ಚಿ ನೋಡಿದರು. ಬಟ್ಟಲಿನ ಸುತ್ತ ಗುಂಡುಗಳು ಸಂದೇ ಇಲ್ಲದೆ ತುಂಬಿದ್ದವು.

"ಇದನ್ನ ತುಂಬಿದ್ದು ಯಾರು?"

ಪೊನಿದಿಯ ಕಣ್ಣು ಬಾಣಲೆಯ ಕಡೆ ಹೋಯಿತು. ಅವರು ಆ ಗುಂಡುಗಳನ್ನು ಕೋಟಿನ ತುದಿಯಿಂದ ಒರೆಸಿ, ಕನ್ನಡಿಯ ಮೇಲೆ ಸಾಲಾಗಿಟ್ಟು, ಉಕ್ಕಿನ ಪಟ್ಟಿಯನ್ನು ಮೇಲಿಟ್ಟು ಕಣ್ಣು ಹಾಯಿಸಿದರು. ಪಟ್ಟಿಗೂ ಗುಂಡಿಗೂ ನಡುವೆ ಎಲ್ಲಿಯೂ ಬೆಳಕು ನುಸುಳಲಿಲ್ಲ. ಆಮೇಲೆ, ಅಂದು ಬೆಳಗ್ಗೆ ತಾವೇ ಆರಿಸಿ ಚಿಪ್ಪಿನಲ್ಲಿಟ್ಟದ್ದನ್ನು ಸುರಿದು, ಅವುಗಳ ಮೇಲೂ ಪಟ್ಟಿ ಇಟ್ಟರು. ಹಾಗೆ ಮಾಡಬಾರದಿತ್ತೆಂದು ನನಗೆ ಅನಿಸಿತು. ಕೈ ಹಿಡಿದು ತಡೆಯಬೇಕೆನಿಸಿತು. ಅಲ್ಲಲ್ಲಿ ಬೆಳಕು ಸೀಳಿಕೊಂಡು ಬರುತ್ತಿದ್ದುದು ನಾನು ಕುಳಿತಲ್ಲಿಗೇ ಕಾಣುತ್ತಿತ್ತು. ಅವರು ಪಟ್ಟಿಯನ್ನು ಕೆಳಗಿಟ್ಟರು.

"ಬುನೆ," ಎಂದು ಹೆಂಡತಿಯನ್ನು ಕರೆದರು. "ಯಾವಾಗಿಂದ?"

"ಲೆಬರಾನ್ ಆದಾಗಿಂದ, ಪಾಕ್‌ನೆ," ಎಂದ ಆಕೆಯ ದನಿ ಬಾಣಲೆಯ ಸದ್ದಿನಲ್ಲಿ ಅರ್ಧ ಮುಳುಗಿತು.

"ಅದಕ್ಕೇ ತೆಂಪೆ ದಿನಾ ಸೀದಿರೋದು."

ಪೊನಿದಿ ನಗಲು ಹೋಗಿ ಅತ್ತುಬಿಟ್ಟ. ಮರ್ಸುದಿಯವರು ಅವನತ್ತ ನೋಡಲಿಲ್ಲ.

"ಬಾ ಇಲ್ಲಿ, ಕೂತ್ಕೋ. ಗುಂಡು ಚೆನ್ನಾಗಿ ಆರಿಸಿದೀಯ, ನನಗಿಂತ ಚೆನ್ನಾಗಿ. ಆದ್ರೆ ಒಂದು ಜಾಸ್ತಿ ತುರುಕಿದೀಯ. ಸುತ್ತು ಪೂರ್ತಿ ತುಂಬಬಾರ್ದು ಕಣೇ. ಒಂದು ಗುಂಡಿನಷ್ಟು ಜಾಗ ಖಾಲಿ ಬಿಡಬೇಕು, ಇಲ್ದಿದ್ರೆ ಒಂದನ್ನೊಂದು ಉಜ್ಜಾಡ್ಕೊಂಡು ಹಾಳಾಗ್ತವೆ."

"ಹೇಳ್ಕೊಟ್ಟಿದ್ರೆ ತಾನೇ ಗೊತ್ತಾಗೋದು?" ಎಂದು ಬು ಸುಮಿರಾ ರೇಗಿದರು, ರೇಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕಕ್ಕೆ ಬಂದು ಕೂತರು.

ಆ ಮಧ್ಯಾಹ್ನವೆಲ್ಲ ಅವರು ಹೆಂಡತಿಯ ಕೈಗೆ ಗ್ರೀಸು ಹತ್ತಿಸಿದರು, ಬೈದರು, ಬಿಚ್ಚಿಸಿದರು, ಮತ್ತೆ ಕಟ್ಟಿಸಿದರು. ಜೋತುಬಿದ್ದ ಆ ಮುಖದಲ್ಲಿ ಹಬ್ಬದಿಂದೀಚೆಗೆ ನಾನು ಕಾಣದಿದ್ದ ಉತ್ಸಾಹವಿತ್ತು. ವಿದ್ಯೆಯನ್ನು ಗ್ರಂಥದಲ್ಲಿಡದೆ ಮೈಯಲ್ಲಿಟ್ಟುಕೊಂಡು ಬಾಳುವ ಇಂಥ ಹಲವರನ್ನು ನಾನು ಬಲ್ಲೆ. ಮೈ ಕೈಕೊಟ್ಟಾಗ ಅವರು ಹೆದರುವುದು ಸಾವಿಗಲ್ಲ, ಯಾರಿಗೂ ಬೇಡವಾಗುವುದಕ್ಕೆ. ಹಾಗಾಗಿಯೇ ಬಚ್ಚಿಡುತ್ತಾರೆ, ಹಾಗಾಗಿಯೇ ಅವರನ್ನು ಪ್ರೀತಿಸುವವರೂ ಬಚ್ಚಿಡುತ್ತಾರೆ. ಸೋಲನ್ನು ತಮ್ಮ ಕಣ್ಣಿನಿಂದಲೇ ಅಳೆದು ನೋಡಿ, ಮರುಕ್ಷಣವೇ ತಾವಿನ್ನೂ ಕಲಿಸಬೇಕಾದ ಒಂದು ಪಾಠ ಬಾಕಿಯಿದೆಯೆಂದು ಪಕ್ಕದ ಜಾಗ ತಟ್ಟಿ ಕರೆಯುವವರು ಅವರಲ್ಲಿ ತೀರ ವಿರಳ.